ಬೋರ್ಡ್ ಕೈಗೆ ಬರುವ ಮೊದಲೇ ಬೋರ್ಡ್ ಕಲಿಯಿರಿ

ನಮಸ್ಕಾರ. ಇವತ್ತಿನ ಮಾತು ಎಂಬೆಡೆಡ್, ಅಂದರೆ ಯಂತ್ರಗಳ ಒಳಗೆ ಕೂರುವ ಸಣ್ಣ ಕಂಪ್ಯೂಟರ್‌ಗಳ ಪ್ರೋಗ್ರಾಮಿಂಗ್, ಕಲಿಯಲು ಹೊರಟವರಿಗೆ, ಮತ್ತೆ ಅವರಿಗೆ ಪಾಠ ಮಾಡುವ ಮೇಷ್ಟ್ರು, ಮೇಡಂಗಳಿಗೆ.

"ಬೋರ್ಡ್ ತಗೊಂಡ್ಮೇಲೆ ಶುರು ಮಾಡ್ತೀನಿ" ಅಂತ ಎಷ್ಟೋ ಜನ ಹೇಳುತ್ತಾರೆ. ಬೋರ್ಡ್ ಅಂದರೆ ರಾಸ್ಪಬೆರಿ ಪೈ ಥರದ, ಒಂದೇ ಹಲಗೆಯ ಮೇಲಿರುವ ಸಣ್ಣ ಕಂಪ್ಯೂಟರ್. ಅದನ್ನು ತಗೊಂಡರೆ ಮುಗಿಯುವುದಿಲ್ಲ. ಸರಿಯಾದ ಪವರ್ ಅಡಾಪ್ಟರ್ ಬೇಕು, ಎಸ್‌ಡಿ ಕಾರ್ಡ್ ಬೇಕು, ಸೀರಿಯಲ್ ಕೇಬಲ್ ಬೇಕು. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಮನೆಯಲ್ಲಿ ಕೇಳಿ ದುಡ್ಡು ತರುವ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ. ಕಾಯಬೇಕಾಗಿಲ್ಲ ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಕಾಯದೆ ಕಲಿಯುವ ದಾರಿ ಎಮ್ಯುಲೇಟರ್, ಅಂದರೆ ಬೋರ್ಡ್‌ನಂತೆ ನಟಿಸುವ ಸಾಫ್ಟ್‌ವೇರ್. ಅದು ಬೋರ್ಡ್ ಇಲ್ಲದವರಿಗೆ ಮಾತ್ರ ಅನ್ನುವ ಭಾವನೆ ಇದೆ. ನಾನು ಒಪ್ಪುವುದಿಲ್ಲ. ಬೋರ್ಡ್ ಮೇಜಿನ ಮೇಲೇ ಇದ್ದರೂ ಮೊದಲ ಕೆಲವು ವಾರ ಎಮ್ಯುಲೇಟರ್‌ನಲ್ಲೇ ಕಳೆಯಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ರಾಸ್ಪಬೆರಿ ಪೈ ಇಮೇಜ್ (ಕಾರ್ಡ್‌ಗೆ ಹಾಕುವ ಆಪರೇಟಿಂಗ್ ಸಿಸ್ಟಮ್‌ನ ಫೈಲ್) ಇಳಿಸಿಕೊಂಡು, ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ಗೆ ಹಾಕಿ, ಬೂಟ್ ಆಗುತ್ತಿಲ್ಲ ಅಂತ ಒದ್ದಾಡುವವರು ಬಹಳ ಜನ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಆದರೆ ಆ ಇಮೇಜ್ ಅಲ್ಲಿ ಓಡುವುದೇ ಇಲ್ಲ. ಪೈ ಒಳಗಿರುವುದು ಆರ್ಮ್ ಪ್ರೊಸೆಸರ್. ವರ್ಚುವಲ್‌ಬಾಕ್ಸ್ ನಿಮ್ಮ ಪ್ರೊಸೆಸರ್‌ನ ಕೈಯಲ್ಲೇ ಕೆಲಸ ಮಾಡಿಸುತ್ತದೆ. ಆರ್ಮ್‌ಗೆ ಬರೆದ ಇನ್‌ಸ್ಟ್ರಕ್ಷನ್ ಇಂಟೆಲ್ ಚಿಪ್‌ಗೆ ತಿಳಿಯುವುದಿಲ್ಲ. ಪಿಸಿಗಾಗಿಯೇ ಮಾಡಿದ ರಾಸ್ಪಬೆರಿ ಪೈ ಡೆಸ್ಕ್‌ಟಾಪ್ ಅಂತ ಒಂದಿದೆ, ಅದು ವರ್ಚುವಲ್‌ಬಾಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಅದು ಪೈ ಮುಖ ಹೊತ್ತ ಪಿಸಿಯ ಡೆಬಿಯನ್ ಲಿನಕ್ಸ್, ಅಷ್ಟೇ. ಅದರಲ್ಲಿ ಬೋರ್ಡ್ ಅನ್ನುವುದೇ ಇಲ್ಲ.

ನಮಗೆ ಬೇಕಿರುವುದು ಕ್ಯೂಎಮು. ಫ್ರೆಂಚ್ ಪ್ರೋಗ್ರಾಮರ್ ಫಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಗೊತ್ತಿಲ್ಲದೆಯೇ ಇದನ್ನು ಬಳಸಿರುತ್ತಾರೆ, ಯಾಕಂದರೆ ಆಂಡ್ರಾಯ್ಡ್ ಎಮ್ಯುಲೇಟರ್ ಕಟ್ಟಿರುವುದು ಇದರ ಮೇಲೆಯೇ. ಆರ್ಮ್ ಇನ್‌ಸ್ಟ್ರಕ್ಷನ್‌ಗಳನ್ನು ತುಂಡು ತುಂಡಾಗಿ ತೆಗೆದುಕೊಂಡು, ನಿಮ್ಮ ಲ್ಯಾಪ್‌ಟಾಪ್‌ನ ಇನ್‌ಸ್ಟ್ರಕ್ಷನ್‌ಗಳಾಗಿ ಬದಲಾಯಿಸಿ ಓಡಿಸುತ್ತದೆ. ಒಮ್ಮೆ ಬದಲಾಯಿಸಿದ್ದನ್ನು ಎತ್ತಿಟ್ಟುಕೊಂಡು ಮತ್ತೆ ಬಳಸುತ್ತದೆ. ಆದರೂ ನಿಧಾನವೇ. ಡೆಸ್ಕ್‌ಟಾಪ್ ತೆರೆದು ಬ್ರೌಸರ್ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಅಕ್ಷರಗಳಷ್ಟೇ ಕಾಣುವ ಸೀರಿಯಲ್ ಕನ್ಸೋಲ್ ಸಾಕು.

ಕ್ಯೂಎಮು ಒಳಗೆ ರಾಸ್ಪೈ3ಬಿ ಅಂತ ಒಂದು ಮಷೀನ್ ಇದೆ, ಪೈ 3 ಬೋರ್ಡ್‌ನ ನಕಲು. ನಾಲ್ಕು ಕಾರ್ಟೆಕ್ಸ್ ಎ53 ಕೋರ್, 1 ಜಿಬಿ ಮೆಮೊರಿ. ಮೆಮೊರಿ ಜಾಸ್ತಿ ಕೇಳಿದರೆ ಕೊಡುವುದಿಲ್ಲ, ನಿಜವಾದ ಬೋರ್ಡ್‌ನಲ್ಲಿ ಇರುವುದೇ ಅಷ್ಟು. 2024ರಲ್ಲಿ ಬಂದ 9.0 ಆವೃತ್ತಿಯಿಂದ ಪೈ 4 ಕೂಡ ಸೇರಿದೆ.

ಪೈ ಇಮೇಜ್ ಅನ್ನು ಇದಕ್ಕೆ ಕೊಟ್ಟು ನೋಡಿ. ಮೊದಲ ಏಟಿಗೆ ಎರರ್ ಬರುವ ಸಾಧ್ಯತೆಯೇ ಜಾಸ್ತಿ: ಎಸ್‌ಡಿ ಕಾರ್ಡ್‌ನ ಗಾತ್ರ ಎರಡರ ಘಾತದಲ್ಲಿ ಇರಬೇಕು ಅನ್ನುತ್ತದೆ. 4 ಜಿಬಿ, 8 ಜಿಬಿ ಹೀಗೆ. ಇಮೇಜನ್ನು ಹಿಗ್ಗಿಸಿ ಮತ್ತೆ ಓಡಿಸಿ. ಈಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಎಲ್ಲಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಬೋರ್ಡ್‌ನಲ್ಲಿ ಕಾರ್ಡ್ ಹಾಕಿದ ತಕ್ಷಣ ಬೂಟ್ ಆಗುತ್ತದಲ್ವಾ, ಇಲ್ಲಿ ಯಾಕೆ ಹೀಗೆ?

ಇಲ್ಲೇ ನಿಜವಾದ ಪಾಠ ಶುರುವಾಗುವುದು. ಪೈ ಬೋರ್ಡ್‌ಗೆ ಕರೆಂಟ್ ಕೊಟ್ಟಾಗ ಮೊದಲು ಏಳುವುದು ಆರ್ಮ್ ಪ್ರೊಸೆಸರ್ ಅಲ್ಲ, ಅದರ ಪಕ್ಕದಲ್ಲಿರುವ ವಿಡಿಯೊಕೋರ್ ಜಿಪಿಯು, ಅಂದರೆ ಚಿತ್ರ ಮೂಡಿಸುವ ಪ್ರೊಸೆಸರ್. ಅದೇ ಕಾರ್ಡ್ ಓದಿ, ತನ್ನ ಫರ್ಮ್‌ವೇರ್ ತುಂಬಿಕೊಂಡು, ಕಾನ್ಫಿಗ್ ಫೈಲ್ ನೋಡಿ, ಕರ್ನಲನ್ನು ಮೆಮೊರಿಗೆ ತಂದಿಟ್ಟು, ಆಮೇಲೆ ಆರ್ಮ್ ಅನ್ನು ಎಬ್ಬಿಸುತ್ತದೆ. ಕ್ಯೂಎಮು ಈ ಜಿಪಿಯು ಭಾಗವನ್ನು ಮಾಡುವುದಿಲ್ಲ. ಹಾಗಾಗಿ ಕರ್ನಲ್ ಫೈಲ್ ಬೇರೆಯಾಗಿ ಕೊಡಬೇಕು. ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀ ಫೈಲ್ ಬೇರೆಯಾಗಿ ಕೊಡಬೇಕು. ರೂಟ್ ಫೈಲ್‌ಸಿಸ್ಟಮ್ ಕಾರ್ಡ್‌ನ ಎರಡನೇ ಪಾರ್ಟಿಷನ್‌ನಲ್ಲಿದೆ ಅಂತ ನೀವೇ ಬರೆಯಬೇಕು. ಜಿಪಿಯು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನೆಲ್ಲ ನಿಮ್ಮ ಕೈಯಾರೆ ಮಾಡುತ್ತೀರಿ. ವರ್ಷಗಟ್ಟಲೆ ಪೈ ಬಳಸಿದವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ಬೋರ್ಡ್ ಅವರಿಂದ ಅದನ್ನು ಕೇಳಲೇ ಇಲ್ಲವಲ್ಲ!

ಇನ್ನೊಂದು ಇದೆ, ನನಗೆ ತುಂಬಾ ಇಷ್ಟವಾದದ್ದು. ಕ್ಯೂಎಮುಗೆ ಎರಡು ಆಯ್ಕೆ ಸೇರಿಸಿದರೆ ಮಷೀನ್ ಮೊದಲ ಇನ್‌ಸ್ಟ್ರಕ್ಷನ್‌ನಲ್ಲೇ ನಿಂತುಕೊಳ್ಳುತ್ತದೆ, ಪೋರ್ಟ್ 1234ರಲ್ಲಿ ಜಿಡಿಬಿಗಾಗಿ, ಅಂದರೆ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡಿಬಗರ್‌ಗಾಗಿ, ಕಾಯುತ್ತದೆ. ಜಿಡಿಬಿ ಜೋಡಿಸಿ ಥ್ರೆಡ್‌ಗಳ ಪಟ್ಟಿ ಕೇಳಿ. ನಾಲ್ಕು ಕೋರ್ ಕಾಣಿಸುತ್ತವೆ. ಒಂದೊಂದೇ ಇನ್‌ಸ್ಟ್ರಕ್ಷನ್ ಮುಂದೆ ಹಾಕಿ. ಒಂದು ಕೋರ್ ಕರ್ನಲ್ ಕಡೆ ಹೋಗುತ್ತದೆ, ಉಳಿದ ಮೂರು ಸಣ್ಣ ಲೂಪ್‌ನಲ್ಲಿ ಸುತ್ತುತ್ತಾ ಸರದಿಗೆ ಕಾಯುತ್ತವೆ. ಮಲ್ಟಿಕೋರ್ ಬೂಟ್ ಅಂತ ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಡೆಯುತ್ತದೆ. ನಿಜವಾದ ಬೋರ್ಡ್‌ನಲ್ಲಿ ಇದನ್ನು ನೋಡಲು ಜೆಟ್ಯಾಗ್ ಪ್ರೋಬ್ ಅನ್ನುವ, ಚಿಪ್ ಒಳಗೆ ಇಣುಕುವ ಸಾಧನ ಬೇಕು, ಪಿನ್‌ಗಳನ್ನು ಅದಕ್ಕೆ ಹೊಂದಿಸಬೇಕು. ಮೊದಲ ವರ್ಷದವರ ಕೈಗೆ ಅದನ್ನು ಯಾರು ಕೊಡುತ್ತಾರೆ ಹೇಳಿ?

ಇನ್ನು ಎಮ್ಯುಲೇಟರ್‌ನಿಂದ ಆಗದ್ದು. ಇದನ್ನು ಮುಚ್ಚಿಡಬಾರದು.

ಪೈ 3ರ ಸೀರಿಯಲ್ ಪೋರ್ಟ್, ಅಂದರೆ ಪಿಎಲ್011 ಅನ್ನುವ ಯುಎಆರ್‌ಟಿ (ಬೈಟ್‌ಗಳನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಭಾಗ), ಇರುವ ವಿಳಾಸ ಹೆಕ್ಸ್‌ನಲ್ಲಿ 3ಎಫ್201000. ಆಪರೇಟಿಂಗ್ ಸಿಸ್ಟಮ್ ಇಲ್ಲದೆ, ಬರೀ ಕೆಲವು ಸಾಲು ಅಸೆಂಬ್ಲಿಯಲ್ಲಿ ಆ ವಿಳಾಸಕ್ಕೆ 65 ಬರೆಯಿರಿ. ಕ್ಯೂಎಮು ಪರದೆಯಲ್ಲಿ ಇಂಗ್ಲಿಷಿನ ಎ ಅಕ್ಷರ ಬರುತ್ತದೆ. ಖುಷಿಯಾಗುತ್ತದೆ, ಆಗಲೇಬೇಕು. ಅದೇ ಕೋಡನ್ನು ಬೋರ್ಡ್‌ಗೆ ಹಾಕಿ. ಏನೂ ಬರುವುದಿಲ್ಲ. ಯಾಕಂದರೆ ನೀವು ಬಾಡ್ ರೇಟ್ (ಕಳಿಸುವ ವೇಗ) ಹೊಂದಿಸಿಲ್ಲ, ಯುಎಆರ್‌ಟಿ ಆನ್ ಮಾಡಿಲ್ಲ, ಜಿಪಿಐಒ 14 ಮತ್ತು 15ನೇ ಪಿನ್‌ಗಳನ್ನು ಸೀರಿಯಲ್ ಕೆಲಸಕ್ಕೆ ತಿರುಗಿಸಿಲ್ಲ. ಪೈ 3ರಲ್ಲಿ ಆ ಯುಎಆರ್‌ಟಿ ಸಾಮಾನ್ಯವಾಗಿ ಬ್ಲೂಟೂತ್‌ಗೆ ಜೋಡಣೆಯಾಗಿರುತ್ತದೆ ಬೇರೆ. ಕ್ಯೂಎಮು ಇದ್ಯಾವುದನ್ನೂ ಕಡ್ಡಾಯ ಮಾಡುವುದಿಲ್ಲ, ಬೈಟ್ ಕೊಟ್ಟರೆ ತೋರಿಸಿಬಿಡುತ್ತದೆ.

ಸಮಯದ ವಿಷಯದಲ್ಲೂ ಅಷ್ಟೇ. ಡಿಎಚ್‌ಟಿ11 ಅನ್ನುವ ಉಷ್ಣಾಂಶದ ಸೆನ್ಸರ್ ಗೊತ್ತಲ್ವಾ? ಸಿಗ್ನಲ್ ಸುಮಾರು 26ರಿಂದ 28 ಮೈಕ್ರೊಸೆಕೆಂಡ್ ಹೊತ್ತು ಹೈ ಆಗಿದ್ದರೆ ಸೊನ್ನೆ, ಸುಮಾರು 70 ಇದ್ದರೆ ಒಂದು. ಇಂಥ ಲೆಕ್ಕವನ್ನು ಕ್ಯೂಎಮು ಮೇಲೆ ನಂಬಿ ಕೂರಬಾರದು. ಅದು ಕೊಡುವ ಭರವಸೆ ಉತ್ತರ ಸರಿ ಇರುತ್ತದೆ ಅಂತ, ಅಷ್ಟೇ ಹೊತ್ತಿಗೆ ಬರುತ್ತದೆ ಅಂತ ಅಲ್ಲ. ಬೇಗ ಸಿಗಲೆಂದು ಪ್ರೊಸೆಸರ್ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿಯ ನಡವಳಿಕೆಯನ್ನೂ ಅದು ತೋರಿಸುವುದಿಲ್ಲ. ಡಿಎಂಎಗೆ (ಪ್ರೊಸೆಸರ್ ನಡುವೆ ಬರದೆ ಸಾಧನವೇ ಮೆಮೊರಿ ಓದಿ ಬರೆಯುವುದಕ್ಕೆ) ಮೊದಲು ಕ್ಯಾಶ್ ಫ್ಲಶ್ ಮಾಡುವುದನ್ನು, ಅಂದರೆ ಅದರಲ್ಲಿರುವುದನ್ನು ಮೆಮೊರಿಗೆ ಬರೆಸುವುದನ್ನು, ಬಿಟ್ಟ ಡ್ರೈವರ್ ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಓಡಿ, ಬೋರ್ಡ್‌ನಲ್ಲಿ ಕೈಕೊಡುತ್ತದೆ. ವೈಫೈ ಇಲ್ಲ. ಮೋಟಾರ್ ತಿರುಗುವುದಿಲ್ಲ, ಎಲ್ಇಡಿ ಮಿನುಗುವುದಿಲ್ಲ.

ಇದನ್ನೆಲ್ಲ ಕೇಳಿ "ಹಾಗಾದ್ರೆ ಬೋರ್ಡೇ ವಾಸಿ" ಅನ್ನುವವರಿದ್ದಾರೆ. ನಾನು ಉಲ್ಟಾ ಹೇಳುತ್ತೇನೆ. ಎಮ್ಯುಲೇಟರ್‌ನಲ್ಲಿ ಓಡಿದ ಕೋಡ್ ಬೋರ್ಡ್‌ನಲ್ಲಿ ನಿಂತಾಗ, ತಪ್ಪು ಹುಡುಕುವ ಜಾಗ ಚಿಕ್ಕದಾಗುತ್ತದೆ. ಲಾಜಿಕ್ ಸರಿ ಇದೆ ಅಂತ ಗೊತ್ತು. ಉಳಿದಿದ್ದು ಪಿನ್, ಕ್ಲಾಕ್, ಕ್ಯಾಶ್, ವೈರಿಂಗ್. ನೇರವಾಗಿ ಬೋರ್ಡ್‌ನಲ್ಲಿ ಶುರು ಮಾಡಿದ ಹೊಸಬರಿಗೆ ಎಲ್ಲವೂ ಒಟ್ಟಿಗೆ ಅನುಮಾನ. ಕೋಡೋ, ಕೇಬಲ್ಲೋ, ಕಾರ್ಡೋ, ತಾವೋ. ಬಹಳಷ್ಟು ಜನ ಕೊನೆಗೆ "ನನ್ನ ಕೈಲಿ ಆಗಲ್ಲ" ಅಂತ ಎದ್ದು ಹೋಗುವುದು ಇಲ್ಲೇ.

ಇದು ಹೊಸ ದಾರಿಯೇನಲ್ಲ. 1975ರಲ್ಲಿ ಆಲ್ಟೇರ್ 8800 ಅನ್ನುವ ಪುಟ್ಟ ಕಂಪ್ಯೂಟರ್ ಬಂದಾಗ ಪಾಲ್ ಆ್ಯಲೆನ್ ಮತ್ತು ಬಿಲ್ ಗೇಟ್ಸ್ ಬಳಿ ಆ ಮಷೀನ್ ಇರಲಿಲ್ಲ. ಆ್ಯಲೆನ್, ಇಂಟೆಲ್ 8080 ಚಿಪ್‌ನ ಮ್ಯಾನ್ಯುಯಲ್ ಇಟ್ಟುಕೊಂಡು ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರ್ ಮೇಲೆ ಆ ಚಿಪ್‌ನ ಸಿಮ್ಯುಲೇಟರ್ ಬರೆದರು. ಬೇಸಿಕ್ ಇಂಟರ್‌ಪ್ರಿಟರ್ ಅನ್ನು ಅದರ ಮೇಲೆಯೇ ಓಡಿಸಿ ತಿದ್ದಿದರು. ಆಮೇಲೆ ಆ್ಯಲೆನ್, ಆಲ್ಟೇರ್ ಮಾಡುತ್ತಿದ್ದ ಕಂಪನಿ ಇದ್ದ ಆಲ್ಬುಕರ್ಕಿಗೆ ಹೋಗಿ ನಿಜವಾದ ಆಲ್ಟೇರ್‌ಗೆ ಟೇಪ್ ಹಾಕಿದರು. ಎರಡು ಪ್ಲಸ್ ಎರಡು ಕೇಳಿದರು. ನಾಲ್ಕು ಬಂತು. ಮೈಕ್ರೊಸಾಫ್ಟ್ ಹುಟ್ಟಿದ್ದು ಆ ಕೆಲಸದಿಂದ.

ನಮ್ಮ ಕಾಲೇಜುಗಳಿಗೆ ಬರೋಣ. ವಿಟಿಯು 2018ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ನಾಲ್ಕನೇ ಸೆಮಿಸ್ಟರ್‌ನಲ್ಲಿ ಮೈಕ್ರೊಕಂಟ್ರೋಲರ್ ಲ್ಯಾಬ್ ಇತ್ತು, ಎಲ್‌ಪಿಸಿ2148 ಚಿಪ್ ಮೇಲೆ. ಅಸೆಂಬ್ಲಿ ಪ್ರೋಗ್ರಾಮ್‌ಗಳು ಒಂದು ಭಾಗ. ಸ್ಟೆಪ್ಪರ್ ಮೋಟಾರ್, ಕೀಪ್ಯಾಡ್, ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಇನ್ನೊಂದು ಭಾಗ. ಮೊದಲ ಭಾಗ ಮಾಡಲು ಕೀಲ್ ಸಿಮ್ಯುಲೇಟರ್ ಸಾಕು, ಎರಡನೆಯದಕ್ಕೆ ಬೋರ್ಡ್ ಬೇಕೇ ಬೇಕು. ಈ ವಿಂಗಡಣೆ ಸರಿಯಾದದ್ದು. ಆದರೆ ಲ್ಯಾಬ್‌ನಲ್ಲಿ ಬೋರ್ಡ್ ಕಡಿಮೆ ಇದ್ದಾಗ ಒಂದರ ಸುತ್ತ ನಾಲ್ಕು ಜನ ನಿಲ್ಲುತ್ತಾರೆ, ಒಬ್ಬ ಟೈಪ್ ಮಾಡುತ್ತಾನೆ, ಮೂವರು ರೆಕಾರ್ಡ್ ಬರೆಯುತ್ತಾರೆ. ಆ ಮೂವರಿಗೂ ಅವರವರ ಲ್ಯಾಪ್‌ಟಾಪ್‌ನಲ್ಲೇ ಒಂದೊಂದು ಬೋರ್ಡ್ ಸಿಗುವಾಗ ಸುಮ್ನೆ ಯಾಕೆ ನಿಲ್ಲಿಸಬೇಕು?

ಹಾಗಾಗಿ ಮೇಷ್ಟ್ರೇ, ಮೇಡಂ, ನನ್ನ ಕೋರಿಕೆ ಇಷ್ಟು. ಬೂಟ್, ಇಂಟರಪ್ಟ್, ಮೆಮೊರಿ, ಸೀರಿಯಲ್ ಡ್ರೈವರ್ ಇವನ್ನೆಲ್ಲ ಕ್ಯೂಎಮು ಮೇಲೆ, ಜಿಡಿಬಿ ಹಿಡಿದು ಮಾಡಿಸಿ. ಬೋರ್ಡ್‌ನ ಸಮಯವನ್ನು ಟೈಮಿಂಗ್, ಸೆನ್ಸರ್, ಮೋಟಾರ್‌ಗೆ ಉಳಿಸಿ. ಬೋರ್ಡ್ ಕೈಗೆ ಕೊಡುವ ಮುಂಚೆ, ಎಮ್ಯುಲೇಟರ್ ಯಾವ ಯಾವ ವಿಷಯದಲ್ಲಿ ಸಡಿಲ ಬಿಟ್ಟಿದೆ ಅಂತ ಪ್ರತಿಯೊಬ್ಬರಿಂದಲೂ ಒಂದು ಪುಟ ಬರೆಸಿ. ಆ ಪುಟಕ್ಕೆ ಮಾರ್ಕ್ಸ್ ಕೊಡಿ.

ಪೈ ಮೇಲೇ ಮಾಡಬೇಕು ಅಂತಲೂ ಇಲ್ಲ. ಮದ್ರಾಸ್ ಐಐಟಿಯಲ್ಲಿ ರೂಪಿಸಿದ ಶಕ್ತಿ ಪ್ರೊಸೆಸರ್ ಕೇಳಿದ್ದೀರಲ್ಲ, ರಿಸ್ಕ್-ವಿ ಅನ್ನುವ ಮುಕ್ತ ಇನ್‌ಸ್ಟ್ರಕ್ಷನ್ ಗುಂಪಿನ ಮೇಲೆ ಕಟ್ಟಿದ್ದು? ಅದರ ಸಿ-ಕ್ಲಾಸ್ ಕೋರ್‌ನ ಬೋರ್ಡ್, ಶಕ್ತಿ ಸಿ ಅನ್ನುವ ಹೆಸರಿನಲ್ಲಿ ಕ್ಯೂಎಮು ಒಳಗೇ ಇದೆ. ಒಂದು ಕೋರ್, ಇಂಟರಪ್ಟ್ ಕಂಟ್ರೋಲರ್, ಟೈಮರ್, ಒಂದು ಯುಎಆರ್‌ಟಿ. ಅಷ್ಟೇ ಇರುವುದರಿಂದ ಒಬ್ಬ ವಿದ್ಯಾರ್ಥಿ ಇಡೀ ಮಷೀನನ್ನು ತಲೆಯಲ್ಲಿ ಇಟ್ಟುಕೊಳ್ಳಬಹುದು. ನಿಜವಾದ ಬೋರ್ಡ್ ಬೇಕಿದ್ದರೆ ಆರ್ಟಿ ಎ7 ಅನ್ನುವ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನೇ ಬದಲಾಯಿಸಬಹುದಾದ ಚಿಪ್) ಬೋರ್ಡ್ ತರಿಸಬೇಕು, ಅದು ದುಬಾರಿ. ಎಮ್ಯುಲೇಟರ್‌ನಲ್ಲಿ ಒಂದು ಪೈಸೆ ಖರ್ಚಿಲ್ಲ. ಮುಂದಿನ ವಿಡಿಯೊದಲ್ಲಿ ಅದೇ ಮಷೀನ್ ಮೇಲೆ, ಲೈಬ್ರರಿ ಯಾವುದೂ ಇಲ್ಲದೆ, ಒಂದು ಸೀರಿಯಲ್ ಡ್ರೈವರ್ ಬರೆಯೋಣ. ಅಷ್ಟರೊಳಗೆ ಕ್ಯೂಎಮು ಹಾಕಿಕೊಂಡಿರಿ, ಜೊತೆಗೆ ರಿಸ್ಕ್-ವಿ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಸಾಧನಗಳು) ಕೂಡ.