ಆಡಳಿತ ಶಾಖೆಯ ಕೆಲಸವನ್ನು ಅಳೆಯುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಕರ್ನಾಟಕದ ಬಜೆಟ್ ಪುಸ್ತಕಗಳಲ್ಲಿ ಹೆಚ್ಚಿನ ಇಲಾಖೆಗಳ ಲೆಕ್ಕ ಶೀರ್ಷಿಕೆಯಡಿ 001 ಎಂಬ ಸಂಖ್ಯೆ ಕಾಣಿಸುತ್ತದೆ. ಅದರ ಮುಂದೆ 'ನಿರ್ದೇಶನ ಮತ್ತು ಆಡಳಿತ' ಎಂದಿರುತ್ತದೆ. ಕೇಂದ್ರ ಕಚೇರಿಯ ಸಿಬ್ಬಂದಿ ಶಾಖೆ, ಲೆಕ್ಕಪತ್ರ ಶಾಖೆ, ಖರೀದಿ, ಟಪಾಲು, ವಾಹನ, ಕಂಪ್ಯೂಟರ್ ಎಲ್ಲವೂ ಮುಖ್ಯವಾಗಿ ಈ ಹಣದ ಮೇಲೆ ನಡೆಯುತ್ತವೆ. ಯೋಜನೆಗಳಿಗಾದರೆ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಇದೆ, ಪ್ರಶ್ನೆ ಕೇಳುವವರಿದ್ದಾರೆ. ಆಡಳಿತ ಶಾಖೆಯನ್ನು ಕೇಳುವವರು ಕಡಿಮೆ.

ಮೊದಲು ಬಜೆಟ್ ಅಂದಾಜಿನ ಮಾತು. 001ರಲ್ಲಿ ದೊಡ್ಡ ಪಾಲು ವೇತನದ್ದು. ಅದರೊಳಗೆ ಪ್ರತಿ ಬಗೆಯ ವೆಚ್ಚಕ್ಕೂ ಒಂದು ಸಂಖ್ಯೆ: ಅಧಿಕಾರಿಗಳ ವೇತನ 002, ಸಿಬ್ಬಂದಿ ವೇತನ 003, ತುಟ್ಟಿಭತ್ಯೆ 011. ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ಮಂಜೂರಾದ ಹುದ್ದೆಗಳಿಗೆಲ್ಲ ಹಣ ಕೇಳುವುದು. ನೂರು ಹುದ್ದೆ ಮಂಜೂರಾಗಿ ಅರವತ್ತೇ ಭರ್ತಿಯಾಗಿದ್ದರೆ ಲೆಕ್ಕ ಹಾಕಬೇಕಾದ್ದು ಅರವತ್ತಕ್ಕೆ. ಅದರ ಮೇಲೆ, ಆ ವರ್ಷ ನೇಮಕಾತಿ ಆದೇಶ ನಿಜವಾಗಿಯೂ ಹೊರಬೀಳುವ ಹುದ್ದೆಗಳಿಗೆ ಉಳಿದ ತಿಂಗಳುಗಳಷ್ಟು. ಜನವರಿ ಮತ್ತು ಜುಲೈಗೆ ಅನ್ವಯವಾಗುವ ತುಟ್ಟಿಭತ್ಯೆಯ ಹೆಚ್ಚಳವನ್ನೂ ಸೇರಿಸಬೇಕು. ಮಂಜೂರಾದ ಹುದ್ದೆಗಳಿಗೆಲ್ಲ ಹಣ ಕೇಳಿದರೆ ವೇತನದಡಿ ಹಣ ಮಿಕ್ಕುತ್ತದೆ. ಅದೇ ಹೊತ್ತಿಗೆ 051 ಸಾಮಾನ್ಯ ವೆಚ್ಚದಲ್ಲಿ, 195 ಸಾರಿಗೆ ವೆಚ್ಚದಲ್ಲಿ ಬಿಲ್ಲುಗಳು ಬಾಕಿ ಕೂತಿರುತ್ತವೆ. ಮಿಗುವ ಹಣವನ್ನು ಡಿಸೆಂಬರಿನಲ್ಲೇ ಅಧ್ಯರ್ಪಣೆ ಮಾಡಿದರೆ, ಅಂದರೆ ಸರ್ಕಾರಕ್ಕೆ ಹಿಂದಕ್ಕೆ ಒಪ್ಪಿಸಿದರೆ, ಬೇರೆಯವರಿಗಾದರೂ ಉಪಯೋಗ. ಮಾರ್ಚ್ 31ರಂದು ಒಪ್ಪಿಸಿದರೆ ಯಾರಿಗೂ ಇಲ್ಲ.

ಆಡಳಿತ ಶಾಖೆಯ ಕೆಲಸದಲ್ಲಿ ಒಂದಿಷ್ಟನ್ನು ವರ್ಷಗಳ ಮೊದಲೇ ಹೇಳಿಬಿಡಬಹುದು. ನಿವೃತ್ತಿ ಅಂಥದ್ದು. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಹೋಗುತ್ತಾರೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ 'ಜೂನ್ ಒಂದು' ಎಷ್ಟೋ ಜನರ ಹುಟ್ಟಿದ ದಿನವಾಗಿದೆ. ಹಾಗಾಗಿ ಮೇ 31ಕ್ಕೆ ನಿವೃತ್ತರ ಸಾಲೇ ಇರುತ್ತದೆ. ನೌಕರರ ವೇತನ, ಸೇವಾ ವಿವರಗಳಿರುವ ಎಚ್‌ಆರ್‌ಎಂಎಸ್‌ ತಂತ್ರಾಂಶದಿಂದ ಮುಂದಿನ ಎರಡು ವರ್ಷದ ಪಟ್ಟಿ ತೆಗೆದು ಗೋಡೆಗೆ ಅಂಟಿಸುವುದು ಅರ್ಧ ದಿನದ ಕೆಲಸ.

ಆದರೂ ಪಿಂಚಣಿ ತಡವಾಗುತ್ತದೆ. ಏಕೆಂದರೆ ಸೇವಾ ಪುಸ್ತಕವನ್ನು ತೆರೆಯುವುದೇ ಕೊನೆಗೆ. ಹದಿನೈದು ವರ್ಷದ ಹಿಂದೆ ಬೇರೆ ತಾಲ್ಲೂಕಿನಲ್ಲಿ ಮಂಜೂರಾದ ಕಾಲಮಿತಿ ಬಡ್ತಿಯ ವೇತನ ನಿಗದಿ ತಪ್ಪಿರುತ್ತದೆ. ರಜೆ ಲೆಕ್ಕದಲ್ಲಿ ಎರಡು ವರ್ಷ ಖಾಲಿ. ಒಂದು ವೇತನ ಬಡ್ತಿಗೆ ಅಧಿಕಾರಿಯ ಸಹಿಯೇ ಇಲ್ಲ. ಪಿಂಚಣಿ ಕಡತ ಪರಿಶೀಲಿಸುವ ಮಹಾಲೇಖಪಾಲರ ಕಚೇರಿ ಆಕ್ಷೇಪಣೆ ಹಾಕಿ ಕಡತ ವಾಪಸು ಕಳಿಸುತ್ತದೆ, ಹಳೆಯ ಕಚೇರಿಗೆ ಪತ್ರ ಹೋಗುತ್ತದೆ, ಅಲ್ಲಿ ದಾಖಲೆ ಸಿಗುವುದಿಲ್ಲ. ಬಾಕಿ ಏನೂ ಇಲ್ಲ ಎನ್ನುವ ಬೇಬಾಕಿ ಪ್ರಮಾಣಪತ್ರದ ಅಲೆದಾಟ ಬೇರೆ. ವರ್ಷಕ್ಕೊಮ್ಮೆ ನೌಕರರಿಗೇ ಸೇವಾ ಪುಸ್ತಕ ತೋರಿಸಿ ಸಹಿ ಪಡೆದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಸಹಿ ಹಾಕಿಸುತ್ತಾರೆ ನಿಜ, ಪುಟ ತಿರುಗಿಸಲು ಬಿಡಬೇಕಲ್ಲ!

ಹೊರಗುತ್ತಿಗೆಯದೂ ಇದೇ ಪಾಡು. ಕಾವಲು, ಸ್ವಚ್ಛತೆ, ಡೇಟಾ ಎಂಟ್ರಿ ಗುತ್ತಿಗೆ ಮುಗಿಯುವ ದಿನ ಕರಾರಿನಲ್ಲೇ ಇರುತ್ತದೆ. ಟೆಂಡರ್ ದಾಖಲೆ ತಯಾರಿ, ಪ್ರಕಟಣೆಯ ಅವಧಿ, ತಾಂತ್ರಿಕ ಬಿಡ್, ಆರ್ಥಿಕ ಬಿಡ್, ಅನುಮೋದನೆ ಎಲ್ಲ ಸೇರಿಸಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಮುಗಿಯುವ ತಿಂಗಳಲ್ಲಿ ಕಡತ ಎಬ್ಬಿಸಿದರೆ 'ಮೂರು ತಿಂಗಳು ವಿಸ್ತರಣೆ', ಆಮೇಲೆ ಇನ್ನೂ ಮೂರು. ಲೆಕ್ಕಪರಿಶೋಧಕರು ಮೊದಲು ಕೇಳುವುದು ಈ ವಿಸ್ತರಣೆಯನ್ನೇ.

ಇನ್ನು ಅಳತೆ. ತಿಂಗಳ ವರದಿಯಲ್ಲಿ 'ಕಡತ ವಿಲೇವಾರಿ ಶೇ. 95' ಎಂದಿರುತ್ತದೆ. ಈ ಅಂಕಿಯನ್ನು ನಂಬಬೇಡಿ. ಸಾವಿರ ಕಡತದಲ್ಲಿ 950 ಮುಗಿದಿರಬಹುದು; ಉಳಿದ 50 ಮಾತ್ರ ಮೂರು ವರ್ಷದಿಂದ ಕೂತ ಜ್ಯೇಷ್ಠತಾ ಪಟ್ಟಿ, ಇಲಾಖಾ ವಿಚಾರಣೆ, ಅನುಕಂಪದ ನೇಮಕಾತಿಯ ಕಡತಗಳಾಗಿರಬಹುದು. 'ಚರ್ಚಿಸಿ', 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಕೆಳಕ್ಕೆ ತಳ್ಳಿದ್ದನ್ನೂ ಕೆಲವರು ವಿಲೇವಾರಿಯ ಲೆಕ್ಕಕ್ಕೆ ಹಾಕುತ್ತಾರೆ. ಕೇಳಬೇಕಾದ್ದು ಇಷ್ಟು: ಅತಿ ಹಳೆಯ ಕಡತಕ್ಕೆ ಎಷ್ಟು ದಿನವಾಯಿತು, ಅದು ಯಾವ ವಿಷಯ ನಿರ್ವಾಹಕರ ಬಳಿ ಇದೆ, ಒಂದೇ ಕಡತ ಎಷ್ಟು ಸಲ ಮೇಲೆ ಹೋಗಿ ಕೆಳಗೆ ಬಂತು? ಇ-ಆಫೀಸ್‌ನಲ್ಲಿ ಕಡತದ ಓಡಾಟವೆಲ್ಲ ದಾಖಲಾಗುವುದರಿಂದ ಹೊಸ ರಿಜಿಸ್ಟರ್ ಬೇಕಿಲ್ಲ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 'ಸಕಾಲ' ಯೋಜನೆಯಲ್ಲಿ ನಾಗರಿಕರ ಅರ್ಜಿಗೆ ಹದಿನೈದು ಅಂಕಿಗಳ ಸಂಖ್ಯೆ ಸಿಗುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಕಚೇರಿಯೊಳಗಿನ ಬಹುಪಾಲು ಕಡತಗಳಿಗೆ ಅಂಥ ಗಡಿಯಾರವಿಲ್ಲ. ಗಳಿಕೆ ರಜೆ ನಗದೀಕರಣಕ್ಕೆ ಏಳು ದಿನ, ವೈದ್ಯಕೀಯ ಬಿಲ್ಲಿಗೆ ಮೂವತ್ತು ದಿನ ಎಂದು ಶಾಖೆ ತಾನೇ ಗೊತ್ತುಮಾಡಿಕೊಂಡು ಬಾಗಿಲ ಬಳಿ ಬರೆದು ಹಾಕಲು ಯಾವ ಆದೇಶವೂ ಅಡ್ಡ ಬರುವುದಿಲ್ಲ.

ಕೊನೆಗೆ ಲೆಕ್ಕಪತ್ರ ಶಾಖೆ. ಖರ್ಚಿನ ವಿವರವನ್ನು ಆಮೇಲೆ ಕೊಡುವ ಎಸಿ ಬಿಲ್ಲಿನಲ್ಲಿ ಮುಂಗಡವಾಗಿ ಹಣ ತೆಗೆದರೆ, ಅದರ ಖರ್ಚನ್ನು ವಿವರವಾಗಿ ತೋರಿಸುವ ಎನ್‌ಡಿಸಿ ಬಿಲ್ಲು ಮುಂದಿನ ತಿಂಗಳ 15ರೊಳಗೆ ಹೋಗಬೇಕು. ತರಬೇತಿ, ಕಾರ್ಯಾಗಾರ ಮುಗಿಸಿದವರು ರಸೀದಿ ಕೊಡದೆ ವರ್ಗವಾಗಿ ಹೋದರೆ ಆ ಬಾಕಿ ಹೊಸಬರ ತಲೆಗೆ. ಹಾಗಾಗಿ ಹಿಂದಿನ ಎನ್‌ಡಿಸಿ ಸಲ್ಲಿಕೆಯಾಗದೆ ಹೊಸ ಮುಂಗಡಕ್ಕೆ ಡಿಡಿಒ, ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ, ಸಹಿ ಹಾಕಬಾರದು. ವರ್ಗವಾದವರ ಅಂತಿಮ ವೇತನ ಪ್ರಮಾಣಪತ್ರ ಕೊಡುವ ಮುನ್ನ ಈ ಬಾಕಿಯನ್ನೂ ನೋಡಬೇಕು.

ನಮಸ್ಕಾರ.