ವಿಮಾನದ ಪ್ಯಾನೆಲ್ ಮೇಲಿನ ಅಕ್ಷರ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳು ಸಾವಿರಗಟ್ಟಲೆ ಇದ್ದಾರೆ. 1953ರಲ್ಲಿ ಪಾಲ್ ಪೋಬೆರೆಜ್ನಿ ವಿಸ್ಕಾನ್ಸಿನ್‌ನಲ್ಲಿ ಶುರು ಮಾಡಿದ ಇಎಎ (ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಸಂಘ ಇವರಿಗೆಲ್ಲ ತವರುಮನೆ ಇದ್ದ ಹಾಗೆ. ಪ್ರತಿ ಬೇಸಿಗೆಯಲ್ಲಿ ಆಷ್‌ಕಾಷ್ ಊರಿನಲ್ಲಿ ಇವರ ಜಾತ್ರೆಯೇ ಸೇರುತ್ತದೆ. ಆರಿಗನ್ ರಾಜ್ಯದ ವ್ಯಾನ್ಸ್ ಕಂಪನಿ ಮಾರುವ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಕಿಟ್‌ಗಳಿಂದಲೇ ಹತ್ತು ಸಾವಿರಕ್ಕೂ ಜಾಸ್ತಿ ವಿಮಾನಗಳು ಎದ್ದು ಹಾರಿವೆ. ನಮ್ಮ ಬೆಂಗಳೂರಿಗೂ ಇದರ ಒಂದು ಎಳೆ ಇದೆ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರು ಗ್ಯಾರೇಜಿನಲ್ಲಿ ಕಟ್ಟುವವರಿಗೆಂದೇ ಮಾಡಿದ ಲಾಂಗ್-ಈಝಿ ವಿನ್ಯಾಸ ಇಟ್ಟುಕೊಂಡು, 1980ರ ದಶಕದಲ್ಲಿ ನಮ್ಮ ಎನ್‌ಎಎಲ್ (ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ) ಒಂದು ಪುಟ್ಟ ವಿಮಾನ ಕಟ್ಟಿ ಹಾರಿಸಿತ್ತು.

ರೆಕ್ಕೆ, ಎಂಜಿನ್ ಬಗ್ಗೆ ಮಾತಾಡುವವರು ಬೇಕಾದಷ್ಟಿದ್ದಾರೆ. ನಾನು ಮಾತಾಡುವುದು ಪೈಲಟ್‌ನ ಮುಂದಿರುವ, ಸ್ವಿಚ್ಚು ಮೀಟರುಗಳ ಪ್ಯಾನೆಲ್ ಮೇಲಿನ ಅಕ್ಷರಗಳ ಬಗ್ಗೆ ಮಾತ್ರ. ವರ್ಷಗಟ್ಟಲೆ ರಿವೆಟ್ ಹೊಡೆದು, ಬಣ್ಣ ಬಳಿದು, ಕೊನೆಗೆ ಉಳಿಯುವ ಕೆಲಸ ಇದು. ಹಾರುವ ಆತುರ ಬೇರೆ. ಆಗ ಜನ ಕೇಳುವ ಮೊದಲ ಪ್ರಶ್ನೆ, ‘ಯಾವ ಮೆಷಿನ್‌ನಲ್ಲಿ ಮಾಡಿಸಿದರೆ ಕಂಪನಿ ವಿಮಾನದ ಹಾಗೆ ಕಾಣುತ್ತದೆ?’ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಏನು ಬರೆಯಬೇಕು, ಎಷ್ಟು ದೊಡ್ಡದಾಗಿ, ಎಲ್ಲಿ ಅನ್ನುವುದು ಸರಿಯಾದರೆ ಇಪ್ಪತ್ತು ಡಾಲರಿನ ಲೇಬಲ್ ಟೇಪೂ ಚೆನ್ನಾಗಿ ಕಾಣುತ್ತದೆ. ಅದು ತಪ್ಪಿದರೆ ಲೇಸರ್‌ನಲ್ಲಿ ಕೊರೆಸಿದರೂ ಉಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಒಂದು ಸ್ವಿಚ್ ಕೆಳಗೆ ಎ, ಎಲ್, ಟಿ ಅಂತ ಮೂರು ಅಕ್ಷರ. ಅದು ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇರಬಹುದು. ಎಂಜಿನ್ನಿಗೆ ಬದಲಿ ಗಾಳಿ ಕೊಡುವ ಆಲ್ಟರ್ನೇಟ್ ಏರ್ ಇರಬಹುದು. ವೇಗ, ಎತ್ತರದ ಮೀಟರುಗಳಿಗೆ ಹೊರಗಿನ ಗಾಳಿಯ ಒತ್ತಡ ಮುಟ್ಟಿಸುವ ಬದಲಿ ದಾರಿ, ಆಲ್ಟರ್ನೇಟ್ ಸ್ಟ್ಯಾಟಿಕ್ ಇರಬಹುದು. ಆಟೋಪೈಲಟ್‌ನಲ್ಲಿ ಎತ್ತರ (ಆಲ್ಟಿಟ್ಯೂಡ್) ಹಿಡಿದು ನಿಲ್ಲಿಸುವ ಗುಂಡಿಯೂ ಇರಬಹುದು. ಕಟ್ಟಿದವನಿಗೆ ಗೊತ್ತು, ಸರಿ. ಆದರೆ ವಿಮಾನ ಮಾರಿದ ಮೇಲೆ ಕೊಂಡವನಿಗೆ? ಹೊಗೆ ವಾಸನೆ ಬಂದ ಗಳಿಗೆಯಲ್ಲಿ ಕಟ್ಟಿದವನಿಗೇ ನೆನಪಾಗುತ್ತದೆಯೇ? ಜಾಗ ಇದ್ದರೆ ಪೂರ್ತಿ ಬರೆಯಿರಿ. ಇಲ್ಲದಿದ್ದರೆ ಒಂದು ಚುಟುಕು ರೂಪಕ್ಕೆ ಇಡೀ ಪ್ಯಾನೆಲ್‌ನಲ್ಲಿ ಒಂದೇ ಅರ್ಥ ಇರಲಿ.

ಇನ್ನೊಂದು, ನಮ್ಮವರಿಗೆ ಖಾಸಾ ಸಂಬಂಧಪಟ್ಟದ್ದು. ನಮ್ಮ ಮನೆಗಳಲ್ಲಿ ಸ್ವಿಚ್ ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ. ಅಮೆರಿಕದಲ್ಲಿ ಮೇಲಕ್ಕೆ. ವಿಮಾನದ ಟಾಗಲ್ ಸ್ವಿಚ್ಚೂ ಅಲ್ಲಿ ಮೇಲಕ್ಕಿದ್ದರೆ ಆನ್. ಹಾಗಾಗಿ ಸ್ವಿಚ್‌ಗಳ ಸಾಲಿನ ಒಂದು ತುದಿಯಲ್ಲಾದರೂ ಮೇಲೆ ‘ಆನ್’, ಕೆಳಗೆ ‘ಆಫ್’ ಅಂತ ಇರಲಿ. ಪ್ರತಿ ಸ್ವಿಚ್ಚಿಗೂ ಬರೆದರೆ ಸುಮ್ನೆ ಕಣ್ಣಿಗೆ ಗೊಂದಲ.

ಈಗ ಗಾತ್ರ. ಸೀಟಿನಲ್ಲಿ ಕೂತವರ ಕಣ್ಣಿಂದ ಪ್ಯಾನೆಲ್ ಸುಮಾರು 70 ಸೆಂಟಿಮೀಟರ್ ದೂರ. ಓದುವ ದೂರದ 200ರಲ್ಲಿ ಒಂದು ಭಾಗದಷ್ಟು ಎತ್ತರದ ಅಕ್ಷರ ಬೇಕು ಅನ್ನುವುದು ಹಳೆಯ ಲೆಕ್ಕ. ಅಂದರೆ ಮೂರೂವರೆ ಮಿಲಿಮೀಟರ್. ಎರಡು ಮಿಲಿಮೀಟರಿನ ಅಕ್ಷರ ಕಂಪ್ಯೂಟರ್ ಪರದೆಯಲ್ಲಿ ಬಹಳ ಅಂದವಾಗಿ ಕಾಣುತ್ತದೆ. ಗಾಳಿ ಕುಲುಕಾಡಿಸುವಾಗ, ಚಾಳೀಸು ಬಂದ ಕಣ್ಣಿಗೆ, ಅದು ಬರೀ ಗೆರೆ.

ಜಾಗದ ವಿಚಾರದಲ್ಲಿ ನನಗೆ ಅನುಮಾನವೇ ಇಲ್ಲ. ಹೆಸರು ಗುಂಡಿಯ ಮೇಲ್ಗಡೆ ಇರಬೇಕು. ಕಾರಣ ಸರಳ. ಕಣ್ಣು ಪ್ಯಾನೆಲ್‌ಗಿಂತ ಮೇಲಿದೆ, ನೋಟ ಓರೆಯಾಗಿ ಕೆಳಕ್ಕೆ ಇಳಿಯುತ್ತದೆ. ಮುಂದಕ್ಕೆ ಚಾಚಿದ ಗುಂಡಿ ತನ್ನ ಕೆಳಗಿರುವುದನ್ನು ಮರೆಮಾಡುತ್ತದೆ. ಸಾಲದ್ದಕ್ಕೆ ಕೈಯೂ ಕೆಳಗಿಂದಲೇ ಬರುತ್ತದೆ, ಅಲ್ವಾ? ಇದನ್ನೆಲ್ಲ ಲೆಕ್ಕದಿಂದ ನಂಬಬೇಕಾಗಿಲ್ಲ. ಪ್ಯಾನೆಲ್ ಚಿತ್ರವನ್ನು ಅಸಲಿ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಜಾಗಕ್ಕೆ ಅಂಟಿಸಿ, ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಂಡು ಓದಿ. ರಾತ್ರಿ ಕೆಂಪು ಟಾರ್ಚ್ ಹಿಡಿದು ಇನ್ನೊಮ್ಮೆ ಓದಿ. ಬಿಳಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳು ಕೆಂಪು ಬೆಳಕಿನಲ್ಲಿ ಮಾಯವಾಗುವುದು ಆಗ ಗೊತ್ತಾಗುತ್ತದೆ.

ಫಾಂಟ್ ಬಗ್ಗೆ ಜಗಳ ಜಾಸ್ತಿ, ವಿಷಯ ಕಡಿಮೆ. ಅಲಂಕಾರವಿಲ್ಲದ, ಒಂದೇ ದಪ್ಪದ ಗೆರೆಯ ಅಕ್ಷರ ಸಾಕು. ಅಪೊಲೊ ನೌಕೆಯ ಪ್ಯಾನೆಲ್‌ಗಳಲ್ಲಿ ಫ್ಯೂಚುರಾ ಇತ್ತು. ಏರ್‌ಬಸ್ ಕಂಪನಿ ಕಾಕ್‌ಪಿಟ್ ಪರದೆಗಳಿಗೆಂದು ಮಾಡಿಸಿದ ಬಿ612 ಫಾಂಟ್ ಈಗ ಯಾರಿಗೆ ಬೇಕಾದರೂ ಪುಕ್ಕಟೆ. ಯಾವುದೇ ಆಗಲಿ, ಒಂದು ಪ್ಯಾನೆಲ್‌ಗೆ ಒಂದೇ ಫಾಂಟ್, ಹೆಚ್ಚೆಂದರೆ ಎರಡು ಗಾತ್ರ.

ಇನ್ನು ಅಕ್ಷರ ಕೂರಿಸುವ ದಾರಿಗಳು.

ಹಳಬರ ದಾರಿ ಉಜ್ಜುವ ಅಕ್ಷರ. ಲಂಡನ್‌ನ ಲೆಟ್ರಾಸೆಟ್ ಕಂಪನಿ 1960ರ ದಶಕದ ಶುರುವಿನಲ್ಲಿ ಜಗತ್ತಿಗೆಲ್ಲ ಹಂಚಿದ ವಿದ್ಯೆ ಇದು. ಪಾರದರ್ಶಕ ಹಾಳೆಯ ಹಿಂಬದಿಗೆ ಅಕ್ಷರಗಳು ಅಂಟಿರುತ್ತವೆ. ಮಾಸ್ಕಿಂಗ್ ಟೇಪನ್ನು ನೇರವಾಗಿ ಅಂಟಿಸಿ ಅದನ್ನೇ ಗೆರೆ ಮಾಡಿಕೊಳ್ಳುತ್ತಾರೆ. ಪದದ ನಡುವಿನ ಅಕ್ಷರವನ್ನು ಗುಂಡಿಯ ನೇರಕ್ಕೆ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಂಥ ಮೊಂಡು ತುದಿಯಿಂದ ಉಜ್ಜುತ್ತಾರೆ. ಉಜ್ಜಿದ ಕಡೆ ಕಪ್ಪು ಬಣ್ಣ ಸ್ವಲ್ಪ ಬೂದಿಗೆ ತಿರುಗುತ್ತದೆ. ಹಾಳೆ ಅಕ್ಷರವನ್ನು ಬಿಟ್ಟಿದೆ ಅಂತ ಅದರ ಅರ್ಥ. ಪೂರ್ತಿ ಬೂದಾದ ಮೇಲೆ ಹಾಳೆಯನ್ನು ಒಂದು ಮೂಲೆಯಿಂದ ನಿಧಾನವಾಗಿ ಎತ್ತಬೇಕು. ಆಮೇಲೆ ಎರಡೂ ಪಕ್ಕದ ಅಕ್ಷರಗಳು. ಸೊಟ್ಟಗಾದರೆ ಸೆಲ್ಲೋಟೇಪ್ ಒತ್ತಿ ಎತ್ತಿದರೆ ಬಂದುಬಿಡುತ್ತದೆ. ಒಂದೊಂದೇ ಅಕ್ಷರ ಕೂರಿಸುವ ತಾಳ್ಮೆ ಇಲ್ಲದವರಿಗೆ, ಕಳಿಸಿದ ಚಿತ್ರದಂತೆ ಇಡೀ ಪದವನ್ನೇ ಒಂದು ತುಂಡಾಗಿ ಮಾಡಿಕೊಡುವವರೂ ಇದ್ದಾರೆ. ಕೆಲಸ ಕೆಡುವುದು ಅಕ್ಷರ ಕಾಪಾಡಲು ಕೊನೆಗೆ ಹೊಡೆಯುವ ಪಾರದರ್ಶಕ ಬಣ್ಣ, ಕ್ಲಿಯರ್ ಕೋಟ್‌ನಲ್ಲಿ. ಮೊದಲ ಸಲವೇ ದಪ್ಪಗೆ ಸ್ಪ್ರೇ ಮಾಡಿದರೆ ಥಿನ್ನರ್ ಅಕ್ಷರವನ್ನು ಸುಕ್ಕುಗಟ್ಟಿಸುತ್ತದೆ. ಮಂಜು ಬಿದ್ದಷ್ಟು ತೆಳುವಾಗಿ ಹೊಡೆದು, ಒಣಗಿಸಿ, ಮತ್ತೆ ಹೊಡೆಯಬೇಕು. ಕೋಟು ಹೊಳಪಿಲ್ಲದ ಮ್ಯಾಟ್ ಆಗಿರಲಿ. ಹೊಳಪಿನದಾದರೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಎಲ್ಲವನ್ನೂ ಮೊದಲು ಒಂದು ರದ್ದಿ ತಗಡಿನ ಮೇಲೆ ಮಾಡಿ ನೋಡಿ.

ಬ್ರದರ್ ಪಿ-ಟಚ್‌ನಂಥ ಲೇಬಲ್ ಯಂತ್ರದ ಪಾರದರ್ಶಕ ಟೇಪ್ ಎಲ್ಲರಿಗೂ ಗೊತ್ತು. ಅಗ್ಗದ್ದಾಗಿ ಕಾಣುತ್ತದೆ ಅಂತ ಜನ ಮೂಗು ಮುರಿಯುತ್ತಾರೆ. ಹಾಗೆ ಕಾಣುವುದು ಅಕ್ಷರದಿಂದಲ್ಲ, ಟೇಪಿನ ಅಂಚಿನಿಂದ. ಹತ್ತು ಸ್ವಿಚ್ಚಿಗೆ ಹತ್ತು ತುಂಡು ಅಂಟಿಸಿದರೆ ನಲವತ್ತು ಅಂಚು ಮಿಂಚುತ್ತವೆ. ಬದಲಿಗೆ ಸಾಲಿನ ಎಲ್ಲ ಹೆಸರುಗಳನ್ನೂ ಸರಿಯಾದ ಅಂತರದಲ್ಲಿ ಒಂದೇ ಉದ್ದನೆಯ ಪಟ್ಟಿಯಲ್ಲಿ ಪ್ರಿಂಟ್ ಮಾಡಿ, ಪ್ಯಾನೆಲ್‌ನ ಈ ತುದಿಯಿಂದ ಆ ತುದಿವರೆಗೆ ಎಳೆದು ಅಂಟಿಸಿ. ಟೇಪ್ ಇದೆ ಅಂತ ಹೇಳಿದರೂ ಹುಡುಕಬೇಕಾಗುತ್ತದೆ. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ಯಾಕೆಂದರೆ ಹಾರಲು ಶುರು ಮಾಡಿದ ಮೇಲೆ ರೇಡಿಯೋ ಬದಲಾಗುತ್ತದೆ, ಒಂದು ಸ್ವಿಚ್ ಅತ್ತಿತ್ತ ಹೋಗುತ್ತದೆ. ಕಿತ್ತು ಮತ್ತೆ ಅಂಟಿಸುವ ಹಾಗಿರಬೇಕು.

ಇನ್ನೊಂದು ದಾರಿ ಡೆಕಲ್, ಅಂದರೆ ಪ್ರಿಂಟ್ ಹಾಕಿ, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಪದರ. ಅದಕ್ಕೆ ಒಂದು ತೊಂದರೆ. ಕಪ್ಪು ಪ್ಯಾನೆಲ್‌ಗೆ ಬಿಳಿ ಅಕ್ಷರ ಬೇಕು, ಮನೆಯ ಪ್ರಿಂಟರ್‌ನಲ್ಲಿ ಬಿಳಿ ಇಂಕು ಇರುವುದಿಲ್ಲ.

ಲೇಸರ್ ಈಗ ಎಲ್ಲರ ಬಾಯಲ್ಲಿದೆ. ಸಾಮಾನ್ಯವಾಗಿ ಅಂಗಡಿಗಳಲ್ಲಿರುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಯಾವ ಲೇಪವೂ ಇಲ್ಲದ ಅಲ್ಯೂಮಿನಿಯಂ ಮೇಲೆ ಗುರುತು ಮೂಡಿಸುವುದಿಲ್ಲ, ಬೆಳಕು ವಾಪಸ್ ಹೋಗುತ್ತದೆ. ಪುಡಿಯನ್ನು ಕಾಯಿಸಿ ಕೂರಿಸಿದ ಬಣ್ಣ, ಅಂದರೆ ಪೌಡರ್ ಕೋಟ್ ಇದ್ದರೆ ಅದನ್ನು ಸುಟ್ಟು ಕೆಳಗಿನ ಲೋಹ ತೋರಿಸುತ್ತದೆ. ಆ ಬೆಳ್ಳಿ ಬಣ್ಣದ ಅಕ್ಷರ ಒಂದು ಕೋನದಿಂದ ಫಳಫಳ, ಇನ್ನೊಂದು ಕೋನದಿಂದ ಕಾಣುವುದೇ ಇಲ್ಲ. ಅದಕ್ಕೇ ಬಲ್ಲವರು ಕೆಳಗೆ ಬಿಳಿ, ಮೇಲೆ ಕಪ್ಪು ಅಂತ ಎರಡು ಪದರ ಹೊಡೆಸಿ, ಮೇಲಿನದನ್ನು ಮಾತ್ರ ಕೊರೆಸುತ್ತಾರೆ. ಬಿಳಿ ಅಕ್ರಿಲಿಕ್ ಹಾಳೆಗೆ ಕಪ್ಪು ಬಣ್ಣ ಹೊಡೆದು ಕೊರೆಸಿ, ಹಿಂದೆ ಎಲ್‌ಇಡಿ ಇಟ್ಟರೆ ರಾತ್ರಿ ಅಕ್ಷರಗಳೇ ಬೆಳಗುತ್ತವೆ. ನನಗೆ ಅತಿ ಇಷ್ಟವಾದದ್ದು ಇದೇ, ಖರ್ಚೂ ಇದಕ್ಕೇ ಜಾಸ್ತಿ. ಒಂದು ಎಚ್ಚರಿಕೆ: ಬೈಕ್ ನಂಬರ್ ಪ್ಲೇಟಿಗೆ ನಮ್ಮ ರೇಡಿಯಂ ಅಂಗಡಿಯವರು ಕತ್ತರಿಸುವ ವಿನೈಲ್ ಇದೆಯಲ್ಲ, ಅದು ಪಿವಿಸಿ. ಅದನ್ನು ಬ್ಲೇಡಿನಿಂದಲೇ ಕತ್ತರಿಸಬೇಕು. ಲೇಸರ್‌ಗೆ ಇಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಎದ್ದು ಮನುಷ್ಯನ ಗಂಟಲನ್ನೂ ಯಂತ್ರವನ್ನೂ ತಿನ್ನುತ್ತದೆ.

ಮೀಟರ್‌ಗಳ ಗಾಜಿನ ಮೇಲೆ ಬಣ್ಣದ ಗುರುತು ಹಾಕುವವರಿಗೆ ಒಂದು ಮಾತು. ವೇಗದ ಮೀಟರಿನ ಕೆಂಪು ಗೆರೆ ಮೀರಬಾರದ ವೇಗ. ಅದನ್ನು ಗಾಜಿನ ಮೇಲೆ ಅಂಟಿಸಿದರೆ, ಗಾಜು ಸ್ವಲ್ಪ ತಿರುಗಿದರೂ ಗೆರೆ ಸುಳ್ಳು ಹೇಳುತ್ತದೆ. ಗಾಜಿನಿಂದ ಮೀಟರಿನ ಚೌಕಟ್ಟಿಗೆ ಹಾಯುವಂತೆ ಒಂದು ಬಿಳಿ ಗೆರೆ ಎಳೆದಿಡಿ. ಗೆರೆ ತುಂಡಾಗಿ ಕಂಡರೆ ಗಾಜು ಜರುಗಿದೆ ಅಂತಲೇ ಲೆಕ್ಕ.

ಕಾನೂನು ಕೇಳುವ ಬರಹಗಳೂ ಇವೆ. ಅಮೆರಿಕದಲ್ಲಿ ಒಳಗೆ ಹತ್ತುವ ಜಾಗದ ಹತ್ತಿರ ‘ಎಕ್ಸ್‌ಪೆರಿಮೆಂಟಲ್’ ಅಂತ ಕನಿಷ್ಠ 2 ಇಂಚು ಎತ್ತರದ ಅಕ್ಷರದಲ್ಲಿ ಇರಬೇಕು. ಇದು ಹವ್ಯಾಸಿ ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅನ್ನುವ ಎಚ್ಚರಿಕೆ ಪಕ್ಕದಲ್ಲಿ ಕೂರುವವರಿಗೆ ಕಾಣಬೇಕು. ಅಂದ ಕೆಡುತ್ತದೆ ಅಂತ ಇದನ್ನು ಮೂಲೆಗೆ ತಳ್ಳುವವರಿದ್ದಾರೆ. ಪ್ಯಾನೆಲ್‌ನ ಫಾಂಟ್‌ನಲ್ಲೇ ಬರೆಸಿ, ಮೊದಲೇ ಜಾಗ ಬಿಟ್ಟುಕೊಂಡರೆ ಅದೂ ವಿನ್ಯಾಸದೊಳಗೆ ಸೇರಿಹೋಗುತ್ತದೆ.

ಈ ಮೇಜಿನ ಮೇಲೆ ನಾಲ್ಕೂ ಬಗೆಯ ತಗಡಿನ ತುಂಡುಗಳಿವೆ. ಮುಟ್ಟಿ ನೋಡಿ, ಉಗುರಿನಿಂದ ಕೆರೆದೂ ನೋಡಿ. ಪ್ರಶ್ನೆಗಳಿದ್ದರೆ ಅಲ್ಲೇ ಮಾತಾಡೋಣ.