ಬದುಕಿಲ್ಲ ಎನ್ನುವಂತಿಲ್ಲ, ಇದ್ದಾರೆ ಎನ್ನುವಂತಿಲ್ಲ: ಯುದ್ಧ ನಿಂತ ಮೇಲೆ ಶ್ರೀಲಂಕಾದ ಮನೆಗಳಲ್ಲಿ ಏನಾಯಿತು?

ನಮಸ್ಕಾರ. ಜಾಫ್ನಾದ ಗ್ರಂಥಾಲಯವನ್ನು ಸುಟ್ಟ ಕಥೆಯನ್ನು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಅದನ್ನು ನೋಡಿದ ಸುಳ್ಯದ ವೀಕ್ಷಕರೊಬ್ಬರು ಕೇಳಿದ್ದಾರೆ: "ಮೇಡಂ, ಯುದ್ಧ 2009ರಲ್ಲೇ ಮುಗಿಯಿತಲ್ಲ? ಆ ಹೆಂಗಸರು ಇನ್ನೂ ಕಾಣೆಯಾದ ಮಕ್ಕಳ, ಗಂಡಂದಿರ ಫೋಟೊ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಏಕೆ ಕುಳಿತಿದ್ದಾರೆ?"

ಸುಳ್ಯದವರು ಇದನ್ನು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರ ಕುಟುಂಬಗಳಿವೆ. ಆದರೆ ಅವರು 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಮರಳಿದ ಚಹಾ ತೋಟದ ಕಾರ್ಮಿಕರು. ಇವತ್ತಿನ ಮಾತು ಮುಖ್ಯವಾಗಿ ಉತ್ತರದ ಜಾಫ್ನಾ, ಕಿಲಿನೊಚ್ಚಿ, ಮುಲ್ಲೈತೀವು ಕಡೆಯದು. ಎರಡನ್ನೂ ಬೆರೆಸಬೇಡಿ.

[ಪರದೆಯಲ್ಲಿ: ಭೂಪಟ]

ಇತಿಹಾಸವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. 1983ರ ಜುಲೈನಲ್ಲಿ ತಮಿಳರ ಮೇಲೆ ದಾಳಿಗಳು, ಅಲ್ಲಿಂದ ಸರ್ಕಾರಕ್ಕೂ ಪ್ರತ್ಯೇಕ ತಮಿಳು ದೇಶ ಬೇಕೆಂದು ಹೋರಾಡಿದ ಎಲ್‌ಟಿಟಿಇಗೂ 26 ವರ್ಷಗಳ ಯುದ್ಧ, 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್ ಎಂಬ ಕಡಲ ಪಟ್ಟಿಯಲ್ಲಿ ಕೊನೆ. ಎಲ್‌ಟಿಟಿಇ ಜನರನ್ನು ಹೊರಗೆ ಬಿಡಲಿಲ್ಲ. ಸೈನ್ಯ ಶೆಲ್ ಹಾರಿಸುವುದನ್ನು ಬಿಡಲಿಲ್ಲ. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಉಳಿದ ಸುಮಾರು ಮೂರು ಲಕ್ಷ ಜನರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟರು.

ಈಗ ಮನಸ್ಸಿನ ವಿಚಾರ. ಯುದ್ಧದಿಂದ ಮನಸ್ಸು ಕೆಡುತ್ತದೆ ಎಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಸಿನಿಮಾ ಓಡುತ್ತದೆ: ಪಟಾಕಿ ಸಿಡಿಯುತ್ತದೆ, ನಾಯಕ ಮೇಜಿನಡಿ ಅಡಗುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು. ವೈದ್ಯರು ಪಿಟಿಎಸ್‌ಡಿ ಎನ್ನುವ, ಹಳೆಯ ಆಘಾತ ಮರುಕಳಿಸುವ ಕಾಯಿಲೆ ಅದು, ನಿಜವಾದದ್ದೇ. ಆದರೆ ಯುದ್ಧ ಮುಗಿದ ವರ್ಷವೇ ಜಾಫ್ನಾ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯನ್ನು ನೋಡಿ. ಪಿಟಿಎಸ್‌ಡಿ ಲಕ್ಷಣಗಳು ಶೇ. 7 ಮಂದಿಯಲ್ಲಿ, ಖಿನ್ನತೆಯವು ಶೇ. 22ರಲ್ಲಿ, ಆತಂಕದವು ಶೇ. 32ಕ್ಕೂ ಹೆಚ್ಚು ಮಂದಿಯಲ್ಲಿ. ಸಿನಿಮಾದವರು ಆರಿಸಿಕೊಂಡ ಕಾಯಿಲೆಯೇ ಪಟ್ಟಿಯ ತಳದಲ್ಲಿದೆ.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡಿತು. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನು, ಸುಮಾರು 75,000 ಜನರನ್ನು, ಊರು ಬಿಡಿಸಿತು. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಎರಡು ಗಂಟೆ. ಹೆಚ್ಚಿನವರು ಪಶ್ಚಿಮ ಕರಾವಳಿಯ ಪುತ್ತಳಂ ಸೇರಿದರು. ಇಪ್ಪತ್ತು ವರ್ಷಗಳ ನಂತರ ಸಂಶೋಧಕರು ಅಲ್ಲಿ ಪರೀಕ್ಷಿಸಿದಾಗ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಏನಾದರೂ ಒಂದು ಮಾನಸಿಕ ತೊಂದರೆ ಇತ್ತು. ಪಿಟಿಎಸ್‌ಡಿ ಶೇ. 2.4. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮನಸ್ಸಿನ ಬೇನೆ ಮೈಗೆ ಇಳಿಯುವ ಬಗೆ, ಶೇ. 14. ಮೈಕೈ ನೋವು, ಸುಸ್ತು, ಎಷ್ಟು ಪರೀಕ್ಷೆ ಮಾಡಿಸಿದರೂ ಕಾರಣ ಸಿಗದ ಸಂಕಟ. ಯಾರಲ್ಲಿ ತೊಂದರೆ ಹೆಚ್ಚು? ಕೆಲಸವಿಲ್ಲದವರಲ್ಲಿ, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರಲ್ಲಿ, ಊಟಕ್ಕೆ ಖಾತ್ರಿಯಿಲ್ಲದವರಲ್ಲಿ. ಎರಡು ದಶಕದ ಹಿಂದಿನ ಆ ಎರಡು ಗಂಟೆಯಷ್ಟೇ ಇವತ್ತಿನ ಅಕ್ಕಿಯ ಡಬ್ಬವೂ ಕಾಡುತ್ತಿದೆ ಎಂದಾಯಿತು. ಹೀಗಿರುವಾಗ ಬ್ಯಾನರ್ ಕಟ್ಟಿ, ಒಂದು ದಿನದ ಆಪ್ತಸಮಾಲೋಚನೆ ನಡೆಸಿ, ಗುಂಪು ಫೋಟೊ ತೆಗೆಸಿಕೊಂಡು ಹೊರಡುವ ಸಂಘಸಂಸ್ಥೆಗಳನ್ನು ಕಂಡರೆ ನನಗೆ ರೇಗುತ್ತದೆ.

ಫೋಟೊ ಹಿಡಿದ ಹೆಂಗಸರ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಮಗ ಇನ್ನೂ ಮನೆಗೆ ಬಂದಿಲ್ಲ ಎಂದರೆ ಅಮ್ಮ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಅರ್ಧ ನಿದ್ದೆ, ಅರ್ಧ ಎಚ್ಚರ, ನಾಯಿ ಬೊಗಳಿದರೆ ಎದ್ದು ಕೂರುತ್ತಾಳೆ. ಒಂದು ರಾತ್ರಿಯಾದರೆ ಬೆಳಗ್ಗೆ ಬೈದು ಮುಗಿಸಬಹುದು. ಈ ಅಮ್ಮಂದಿರದು ಹದಿನೈದು ವರ್ಷಕ್ಕೂ ಮೀರಿದ ರಾತ್ರಿ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಅಮೆರಿಕದ ವಿಮಾನ ಚಾಲಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲೀನ್ ಬಾಸ್ ಇದಕ್ಕೆ ಅಸ್ಪಷ್ಟ ಅಗಲಿಕೆ ಎಂಬ ಅರ್ಥ ಬರುವ ಹೆಸರು ಕೊಟ್ಟರು. ಅಳುವುದಕ್ಕೂ ಆಗದು, ಕಾಯುವುದನ್ನು ಬಿಡುವುದಕ್ಕೂ ಆಗದು. ಸಾವು ಖಚಿತವಾಗದೆ ಉಳಿದಷ್ಟೂ ಮನೆಯವರ ಮಾನಸಿಕ ತೊಂದರೆ ಹೆಚ್ಚು ಎಂಬುದನ್ನು ಶ್ರೀಲಂಕಾದ ಸಂಶೋಧಕರೂ 2019ರಲ್ಲಿ ತೋರಿಸಿದ್ದಾರೆ.

ಜಾಫ್ನಾದ ಶೈವರಲ್ಲಿ ಸಾವಾದ ಮೂವತ್ತೊಂದನೆಯ ದಿನದ ಕರ್ಮ ಮುಖ್ಯ. ಕೀರಿಮಲೈ ಕಡಲತೀರಕ್ಕೆ ಹೋಗಿ ಮಾಡುವುದು ರೂಢಿ. ದೇಹವೇ ಇಲ್ಲದಿದ್ದರೆ ಯಾವ ದಿನದಿಂದ ಮೂವತ್ತೊಂದು ಎಣಿಸುವುದು? ಹೆಂಡತಿ ಕುಂಕುಮ ಇಟ್ಟುಕೊಂಡರೆ ಕೆಲವರು ಆಡಿಕೊಳ್ಳುತ್ತಾರೆ. ಅಳಿಸಿಕೊಂಡರೆ ಗಂಡನನ್ನು ತಾನೇ ಕೊಂದಂತೆ ಅವಳಿಗೆ ಅನಿಸುತ್ತದೆ. ಜಮೀನು ಗಂಡನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಗಂಡನ ಹೆಸರಿನಲ್ಲಿ. ಕಚೇರಿಗೆ ಹೋದರೆ ಮರಣ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ.

[ಪರದೆಯಲ್ಲಿ: ಖಾಲಿ ಅರ್ಜಿ ನಮೂನೆ]

2016ರಲ್ಲಿ ಶ್ರೀಲಂಕಾ ಸಂಸತ್ತು ಇದಕ್ಕೊಂದು ಪರಿಹಾರ ಹುಡುಕಿತು: ಗೈರುಹಾಜರಿ ಪ್ರಮಾಣಪತ್ರ. ಶಾಲೆಯ ಹಾಜರಿ ಪುಸ್ತಕವೇ ನೆನಪಾಗುತ್ತದೆ, ನಗಬೇಡಿ. ಈ ವ್ಯಕ್ತಿ ಸತ್ತಿದ್ದಾನೆ ಎಂದು ಯಾರೂ ಹೇಳುತ್ತಿಲ್ಲ, ಇಲ್ಲ ಎಂದಷ್ಟೇ ಹೇಳುತ್ತಿದ್ದೇವೆ ಎನ್ನುವ ಸರ್ಕಾರಿ ಕಾಗದ. ಅದನ್ನು ಹಿಡಿದು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು, ಆಸ್ತಿಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳಬಹುದು. ಒಂದು ದೇಶದ ಕಾನೂನು ಅನಿಶ್ಚಿತತೆಗೇ ಮೊಹರು ಒತ್ತಿತು! ನನಗೆ ಇದು ಜಾಣ ಕಾನೂನು ಎಂದೇ ಅನಿಸಿತು. ಆದರೂ ಹಲವು ತಾಯಂದಿರು ಬೇಡವೆಂದರು. ಯುದ್ಧದ ಕೊನೆಯಲ್ಲಿ ಮುಲ್ಲೈತೀವಿನ ವಟ್ಟುವಾಕಲ್ ಸೇತುವೆಯ ಬಳಿ ನಮ್ಮ ಕೈಯಾರೆ ಸೈನ್ಯಕ್ಕೆ ಒಪ್ಪಿಸಿದ ಮಕ್ಕಳು, ಕಾಗದವನ್ನಲ್ಲ, ಅವರನ್ನು ಕೊಡಿ ಎಂಬುದು ಅವರ ವಾದ. 2017ರ ಫೆಬ್ರವರಿಯಲ್ಲಿ ಕಿಲಿನೊಚ್ಚಿಯ ರಸ್ತೆ ಬದಿಯಲ್ಲಿ ಕುಳಿತದ್ದು ಇವರೇ.

ಇದು ತಮಿಳರ ಸಂಕಟ ಮಾತ್ರ ಎಂದುಕೊಳ್ಳಬೇಡಿ. 1980ರ ದಶಕದ ಕೊನೆಯಲ್ಲಿ ಜೆವಿಪಿ ಎಂಬ ಎಡಪಂಥೀಯ ಪಕ್ಷದ ಬಂಡಾಯವನ್ನು ಸರ್ಕಾರ ಹತ್ತಿಕ್ಕಿದಾಗ ದಕ್ಷಿಣದಲ್ಲಿ ಸಾವಿರಾರು ಸಿಂಹಳ ಯುವಕರು ಹೀಗೆಯೇ ಕಾಣೆಯಾದರು. ಅವರ ತಾಯಂದಿರ ಸಂಘಟನೆ 1992ರಲ್ಲಿ ಕೊಲಂಬೊದ ಮೋದರ ಕಾಳಿ ಗುಡಿಯ ಮುಂದೆ ಸೇರಿತು. ತೆಂಗಿನಕಾಯಿ ಒಡೆದು ಅಧ್ಯಕ್ಷ ಪ್ರೇಮದಾಸ ಅವರಿಗೆ ಬಹಿರಂಗವಾಗಿ ಶಾಪ ಹಾಕಿದರು. ಮರುವರ್ಷ ಮೇ ದಿನದಂದು ಅಧ್ಯಕ್ಷರು ಎಲ್‌ಟಿಟಿಇ ಆತ್ಮಾಹುತಿ ಬಾಂಬಿಗೆ ಬಲಿಯಾದರು. ಶಾಪ ತಟ್ಟಿತು ಎಂದು ಊರು ಮಾತನಾಡಿಕೊಳ್ಳದೆ ಇರುತ್ತದೆಯೇ? ಆಣೆ ಹಾಕಿ, ಮಣ್ಣು ತೂರಿ ಶಪಿಸುವ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಮನೋವೈದ್ಯರೂ ಇದನ್ನು ಚೀಟಿಯಲ್ಲಿ ಬರೆದುಕೊಡಲಾರರು. ಆದರೆ ಪೊಲೀಸ್ ಠಾಣೆಯಲ್ಲಿ ಯಾರೂ ಬರೆದುಕೊಳ್ಳದ ದೂರನ್ನು ಆ ಹೆಂಗಸರು ಅಂದು ನೂರಾರು ಜನರೆದುರು ಕೂಗಿ ಹೇಳಿದರು.

ಉತ್ತರ, ಪೂರ್ವದ ತಮಿಳರಿಗೆ ಆ ಅವಕಾಶವೂ ಕಷ್ಟ. ಕೊನೆಯ ವಾರಗಳಲ್ಲಿ ಮುಳ್ಳಿವಾಯ್ಕಾಲ್‌ನಲ್ಲಿ ಸಿಕ್ಕಿಬಿದ್ದವರಿಗೆ ಸಿಗುತ್ತಿದ್ದದ್ದು ಗಂಜಿ: ಒಂದಿಷ್ಟು ಅಕ್ಕಿ, ಬಹಳಷ್ಟು ನೀರು, ಇದ್ದರೆ ಉಪ್ಪು. ಪ್ರತಿ ಮೇ ತಿಂಗಳಲ್ಲಿ ಅದನ್ನೇ ಬೇಯಿಸಿ, ತೆಂಗಿನ ಚಿಪ್ಪಿನಲ್ಲಿ ಹಂಚಿ ಸತ್ತವರನ್ನು ನೆನೆಯುತ್ತಾರೆ. 2024ರಲ್ಲಿ ತ್ರಿಂಕೋಮಲಿ ಜಿಲ್ಲೆಯ ಸಂಪೂರ್‌ನಲ್ಲಿ ಗಂಜಿ ಹಂಚಿದ ಹೆಂಗಸರನ್ನು ಪೊಲೀಸರು ಬಂಧಿಸಿದರು. ಗಂಜಿಗೆ ಹೆದರುವ ಸರ್ಕಾರದ ಬಗ್ಗೆ ನಾನು ಬೇರೆ ಏನೂ ಹೇಳುವುದಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮಕ್ಕಳ ವಿಷಯ: ಯುದ್ಧ ಕಂಡ ಮನೆಗಳಲ್ಲಿ ಅಪ್ಪನ ಕುಡಿತ, ಮನೆಯೊಳಗಿನ ಹೊಡೆತ ಎರಡೂ ಸೇರಿ ಮಕ್ಕಳ ಮನಸ್ಸನ್ನು ಮತ್ತೊಮ್ಮೆ ಹಣಿಯುತ್ತವೆ ಎಂದು ಉತ್ತರದಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಊರಿನ ವಿಷಯ: ಜಾಫ್ನಾದ ಮನೋವೈದ್ಯ ದಯಾ ಸೋಮಸುಂದರಂ ಅವರ ಪ್ರಕಾರ ಗಾಯ ಒಬ್ಬೊಬ್ಬರದಷ್ಟೇ ಆಗಿ ಉಳಿದಿಲ್ಲ. ಪರಸ್ಪರ ನಂಬಿಕೆ ಹೋಗಿದೆ, ಮೌನ ರೂಢಿಯಾಗಿದೆ, ಇಡೀ ಸಮುದಾಯವೇ ಗಾಯಗೊಂಡಿದೆ. ಅದಕ್ಕೇ ಅವರ ತಂಡ ಶಿಕ್ಷಕರು, ಗ್ರಾಮ ಅಧಿಕಾರಿಗಳಂಥವರಿಗೆ ಮಾನಸಿಕ ಆರೈಕೆಯ ಮೊದಲ ಪಾಠ ಕಲಿಸಿತು. ಜಪ, ಜಪಮಾಲೆಯಂಥ ಅವರವರ ರೂಢಿಯನ್ನೇ ಮನಸ್ಸು ಸಡಿಲಗೊಳಿಸಲು ಬಳಸಿತು. ಇದು ಶ್ರೀಲಂಕಾದ ಪಾಡು ಮಾತ್ರವೂ ಅಲ್ಲ: ಸಂಘರ್ಷ ಕಂಡ ಪ್ರದೇಶಗಳಲ್ಲಿ ಶೇ. 22 ಮಂದಿಗೆ ಮಾನಸಿಕ ಕಾಯಿಲೆ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು.

ಮಾತ್ರೆಯಿಂದ ವಾಸಿಯಾಗುವುದಿಲ್ಲವೇ ಎಂದು ಕೇಳುವವರಿಗೆ: ಖಿನ್ನತೆಗೆ ಮಾತ್ರೆ ಖಂಡಿತ ಕೆಲಸ ಮಾಡುತ್ತದೆ, ನಿದ್ದೆ ಬರಿಸುತ್ತದೆ. ಮಗ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ, ಔಷಧದ ಅಂಗಡಿಯಲ್ಲ. ಸುಳ್ಯದವರೇ, ಅವರು ಇನ್ನೂ ಕುಳಿತಿರುವುದು ಇದಕ್ಕೇ.

ಮುಂದಿನ ಸಂಚಿಕೆಯಲ್ಲಿ ಕಾಂಬೋಡಿಯಾ. ಖ್ಮೇರ್ ರೂಜ್ ಎಂಬ ಕ್ರೂರ ಆಡಳಿತದ ಕೈಯಿಂದ ತಪ್ಪಿಸಿಕೊಂಡು ಅಮೆರಿಕದ ಲಾಂಗ್ ಬೀಚ್ ಸೇರಿದ ಹೆಂಗಸರಲ್ಲಿ ಹಲವರಿಗೆ ಕಣ್ಣಿನಲ್ಲಿ ಯಾವ ದೋಷವೂ ಇಲ್ಲದೆ ದೃಷ್ಟಿ ಹೋಗಿತ್ತು. ಪ್ರಶ್ನೆಗಳಿದ್ದರೆ ಈಗಲೇ ಕಳಿಸಿ.